ಓದುಗರ ಪ್ರಶ್ನೆ: ಕಿಡ್ನಿ ಸೋತವರಿಗೆ ಬೊಜ್ಜು ಇದೆಯಾ ಅಂತ ತಿಳಿಯೋದು ಹೇಗೆ?

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಊಟದ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ತೂಕದ ಬಗ್ಗೆಯೇ ಇವೆ. ಕೆಲವರಿಗೆ ಇಳಿಸಿ ಅಂದಿದ್ದಾರೆ, ಕೆಲವರಿಗೆ ಇಳಿಸಬೇಡಿ ಅಂದಿದ್ದಾರೆ. ಒಂದೇ ಮನೆಯಲ್ಲಿ ಎರಡೂ ಮಾತು ಕೇಳಿದವರೂ ಇದ್ದಾರೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಕೇಳಿಕೊಂಡವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮಪ್ಪನಿಗೆ 61 ವರ್ಷ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೀತಿದೆ. ಎತ್ತರ 165 ಸೆಂ.ಮೀ. ಡ್ರೈ ವೇಟ್ (ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಶುರುವಿನಿಂದಲೂ 68 ಕೆ.ಜಿ. ಮೊನ್ನೆ ನಮ್ಮ ಬಡಾವಣೆಯಲ್ಲಿ ಆರೋಗ್ಯ ಶಿಬಿರ ಇತ್ತು. ಅಲ್ಲಿ ತೂಕ 71 ಬಂತು. ಬಿಎಂಐ 26 ಇದೆ, ಬೊಜ್ಜು ಇದೆ, ಊಟ ಕಡಿಮೆ ಮಾಡಿಸಿ ಅಂದರು. ನಾನು ರಾತ್ರಿ ಊಟ ನಿಲ್ಲಿಸಿ ಬರೀ ಗಂಜಿ ಕೊಡುತ್ತಿದ್ದೇನೆ. ಆದರೆ ಅಪ್ಪನ ತೋಳು, ತೊಡೆ ಸೊರಗಿವೆ. ಅಂಗಿ ಭುಜದಲ್ಲಿ ಜೋತು ಬೀಳುತ್ತದೆ. ಹೊಟ್ಟೆ ಮಾತ್ರ ಮುಂದೆ ಬಂದಿದೆ. ಅವರು ದಪ್ಪವೋ ಸಣ್ಣವೋ ನೀವೇ ಹೇಳಿ.
– ಮಗಳು, ದಾವಣಗೆರೆ

ಉತ್ತರ: ಮೊದಲು ಆ ರಾತ್ರಿ ಊಟ ವಾಪಸ್ ಶುರು ಮಾಡಮ್ಮಾ. ಇವತ್ತಿಂದಲೇ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಶಿಬಿರದಲ್ಲಿ ತೂಗಿದ್ದು ಡಯಾಲಿಸಿಸ್‌ಗೆ ಮುಂಚೆ ಅಂತ ಕಾಣುತ್ತದೆ. ಆ 71ರಲ್ಲಿ 3 ಕೆ.ಜಿ. ಬರೀ ನೀರು, ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನಿಂತ ನೀರು. ಕಿಡ್ನಿ ಸೋತವರ ಬಿಎಂಐ ಲೆಕ್ಕ ಹಾಕುವುದಾದರೆ ಡಯಾಲಿಸಿಸ್ ಮುಗಿದ ಮೇಲಿನ ತೂಕದಿಂದಲೇ ಹಾಕಬೇಕು. 68 ಕೆ.ಜಿ.ಗೆ ಹಾಕಿದರೆ ನಿಮ್ಮಪ್ಪನ ಬಿಎಂಐ ಸುಮಾರು 25. ಹಾಗಂತ 26 ತಪ್ಪು, 25 ಸರಿ ಅಂತ ಅಲ್ಲ. ಇವರ ವಿಷಯದಲ್ಲಿ ಈ ಎರಡು ಅಂಕಿಗಳಿಂದಲೂ ಬೊಜ್ಜಿನ ತೀರ್ಮಾನ ಆಗುವುದಿಲ್ಲ.

ಬಿಎಂಐ ಅಂದರೆ ಕೆ.ಜಿ.ಯಲ್ಲಿ ತೂಕ, ಅದನ್ನು ಮೀಟರಿನಲ್ಲಿ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ಈ ಲೆಕ್ಕ ಕಂಡುಹಿಡಿದ ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ ವೈದ್ಯನಲ್ಲ, ಗಣಿತ ಮತ್ತು ಖಗೋಳ ಓದಿದವನು. 1830ರ ದಶಕದಲ್ಲಿ ಅವನಿಗೆ ಬೇಕಾಗಿದ್ದದ್ದು ಜನಸಮೂಹದ ಸರಾಸರಿ, ಒಬ್ಬ ರೋಗಿಯ ಕೊಬ್ಬಿನ ಅಳತೆ ಅಲ್ಲ. ಬಿಎಂಐ ಅನ್ನುವ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆ್ಯನ್ಸೆಲ್ ಕೀಸ್ ಅವರಿಂದ. ಇದು ಸುಲಭ, ಖರ್ಚಿಲ್ಲ, ಹಾಗಾಗಿ ಎಲ್ಲ ಕಡೆ ನಡೆಯುತ್ತದೆ. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ 2009ರಲ್ಲಿ ನಮ್ಮ ವೈದ್ಯರು ಒಮ್ಮತಕ್ಕೆ ಬಂದರು. ಬೇರೆ ದೇಶಗಳಲ್ಲಿ ಅದೇ ಗೆರೆಗಳು 25 ಮತ್ತು 30. ನಮಗೆ ಗೆರೆ ಕೆಳಗೆ ಇಟ್ಟಿದ್ದು ಯಾಕೆ ಅಂದರೆ, ಅಷ್ಟೇ ತೂಕದ ಬಿಳಿಯರಿಗಿಂತ ನಮ್ಮ ಮೈಯಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐಯೂ 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ಕಿಡ್ನಿ ಚೆನ್ನಾಗಿರುವ ಇಬ್ಬರು ಗಂಡಸರಲ್ಲೇ ಇಷ್ಟು ವ್ಯತ್ಯಾಸ. ಇನ್ನು ಕಿಡ್ನಿ ಸೋತ ಮೈಯಲ್ಲಿ?

ಅಲ್ಲಿ ತಕ್ಕಡಿ ಮೇಲೆ ಮೂರು ಬೇರೆ ಬೇರೆ ವಸ್ತುಗಳು ಒಟ್ಟಿಗೆ ನಿಂತಿರುತ್ತವೆ. ನೀರು, ಸ್ನಾಯು, ಕೊಬ್ಬು. ಒಂದು ಇಳಿದು ಇನ್ನೊಂದು ಏರಿದರೆ ತಕ್ಕಡಿಯ ಮುಳ್ಳು ಅಲ್ಲಾಡುವುದೇ ಇಲ್ಲ. ನಿಮ್ಮಪ್ಪನ 68 ಎರಡು ವರ್ಷದಿಂದ ಹಾಗೇ ಇದೆ ಅಂದಿರಲ್ಲ, ನನಗೆ ಚಿಂತೆ ಆಗಿದ್ದು ಅಲ್ಲೇ. ತೋಳು ತೊಡೆ ಸೊರಗಿವೆ ಅಂದರೆ ಸ್ನಾಯು ಹೋಗಿದೆ. ಸ್ನಾಯು ಹೋಗಿಯೂ ತೂಕ ಇಳಿದಿಲ್ಲ ಅಂದರೆ ಆ ಜಾಗಕ್ಕೆ ಕೊಬ್ಬು ಬಂದಿರಬೇಕು, ಇಲ್ಲಾ ನೀರು ತುಂಬಿರಬೇಕು, ಸಾಮಾನ್ಯವಾಗಿ ಎರಡೂ ಆಗಿರುತ್ತದೆ. ನೀರು ತುಂಬಿದ್ದರೆ ಅವರ ನಿಜವಾದ ಡ್ರೈ ವೇಟ್ 68 ಅಲ್ಲ, 66 ಇರಬಹುದು, 65 ಇರಬಹುದು. 68ಕ್ಕೆ ಡಯಾಲಿಸಿಸ್ ನಿಲ್ಲಿಸಿದಾಗೆಲ್ಲ ಆ ಹೆಚ್ಚಿನ ನೀರು ಒಳಗೇ ಉಳಿಯುತ್ತದೆ. ಬಿಪಿ ಮಾತ್ರೆ ಹೆಚ್ಚುತ್ತಾ ಹೋಗಿದೆಯಾ? ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದಾ? ಎರಡು ದಿಂಬು ಬೇಕಾಗುತ್ತದಾ? ಇದನ್ನು ಅಪ್ಪನನ್ನು ಕೇಳಿ, ಉತ್ತರ ಹೌದು ಅಂತ ಬಂದರೆ ಮುಂದಿನ ಡಯಾಲಿಸಿಸ್‌ವರೆಗೂ ಕಾಯದೆ ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್‌ಗೆ ಫೋನ್ ಮಾಡಿ.

ಸ್ನಾಯು ಯಾಕೆ ಹೋಗುತ್ತದೆ ಅಂತ ಕೇಳಬಹುದು. ಹಸಿವು ಸತ್ತಿರುತ್ತದೆ. ರಕ್ತದಲ್ಲಿ ಆಮ್ಲ ಹೆಚ್ಚಿ ಅದೇ ಸ್ನಾಯುವನ್ನು ಕರಗಿಸುತ್ತದೆ. ಒಳಗೊಳಗೇ ಉರಿಯೂತ ಇರುತ್ತದೆ. ಪ್ರತಿ ಡಯಾಲಿಸಿಸ್‌ನಲ್ಲೂ ರಕ್ತದಿಂದ ಸ್ವಲ್ಪ ಅಮೈನೋ ಆಮ್ಲ (ಪ್ರೋಟೀನಿನ ಕಣಗಳು) ಸೋರಿ ಹೋಗುತ್ತದೆ. ಜೊತೆಗೆ ಓಡಾಟ ನಿಂತುಹೋಗಿರುತ್ತದೆ. ಇಷ್ಟೆಲ್ಲ ಸಾಲದು ಅಂತ, ಡಯಾಲಿಸಿಸ್ ಶುರುವಾಗುವ ಮುಂಚೆ ಡಾಕ್ಟರು ಹೇಳಿದ್ದ ಪಥ್ಯ, ಬೇಳೆ ಬೇಡ ಮೊಟ್ಟೆ ಬೇಡ ಮೀನು ಬೇಡ ಅನ್ನುವ ಪಥ್ಯ, ಡಯಾಲಿಸಿಸ್ ಶುರುವಾದ ಮೇಲೂ ಮನೆಯಲ್ಲಿ ಹಾಗೇ ನಡೆದಿರುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ ಹೊಟ್ಟೆ ಉರಿದಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಆ ಪಥ್ಯದ ಕಾಲ ಮುಗಿದಿದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಡಯಾಲಿಸಿಸ್ ಶುರುವಾದವರಿಗೆ ಪ್ರೋಟೀನ್ ಜಾಸ್ತಿ ಬೇಕು, ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ. ನಿಮ್ಮಪ್ಪನ ತೂಕ 65 ಕೆ.ಜಿ. ಅಂತ ಇಟ್ಟುಕೊಂಡರೂ 65ರಿಂದ 78 ಗ್ರಾಂ ಆಗುತ್ತದೆ. ಒಂದು ಇಡೀ ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ಲೆಕ್ಕ ಹಾಕಿ ನೋಡಿ, ಗಂಜಿಯಿಂದ ಇದು ಸಾಧ್ಯವೇ? ಮೊಟ್ಟೆಯ ಬಿಳಿ ಇವರಿಗೆ ಬಹಳ ಒಳ್ಳೆಯದು, ಅದರಲ್ಲಿ ರಂಜಕ (ಫಾಸ್ಫರಸ್) ಕಡಿಮೆ. ಕೋಳಿ, ಮೀನು ತಿನ್ನುವವರಾದರೆ ಅದೂ ಆಗಬಹುದು. ತಿನ್ನದವರಾದರೆ ಪನೀರು, ಮೊಸರು, ಬೇಳೆ ಎಷ್ಟೆಷ್ಟು ಅನ್ನುವುದನ್ನು ಅವರ ಪೊಟ್ಯಾಶಿಯಂ, ರಂಜಕದ ವರದಿ ನೋಡಿಕೊಂಡು ನಿಮ್ಮ ಆಸ್ಪತ್ರೆಯ ಡಯಟೀಷಿಯನ್ ಹೇಳಬೇಕು.

ಈಗ ನಿಮ್ಮ ಪ್ರಶ್ನೆ. ಅವರು ದಪ್ಪವೋ ಸಣ್ಣವೋ? ಎರಡೂ. ಹೊಟ್ಟೆಯಲ್ಲಿ ಕೊಬ್ಬು ಜಾಸ್ತಿ, ಕೈಕಾಲಲ್ಲಿ ಸ್ನಾಯು ಕಡಿಮೆ. ಕಿಡ್ನಿ ಸೋತವರಲ್ಲಿ ಇದು ತುಂಬಾ ಜನರಿಗೆ ಇರುತ್ತದೆ, ಬಿಎಂಐ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಇಂಥವರ ಊಟ ಕಡಿತ ಮಾಡಿದರೆ ಮೊದಲು ಕರಗುವುದು ಉಳಿದಿರುವ ಸ್ನಾಯು. ಹೊಟ್ಟೆ ಹಾಗೇ ಇರುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಯಾಲಿಸಿಸ್‌ಗೆ ಮುಂಚಿನ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 9 ಇದ್ದದ್ದು 6ಕ್ಕೆ ಬಂದರೆ ಮನೆಯವರು ಕಿಡ್ನಿ ಸುಧಾರಿಸಿತು ಅಂತ ಖುಷಿ ಪಡುತ್ತಾರೆ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಮೂತ್ರ ಹೆಚ್ಚಾಗಿಲ್ಲ, ಡಯಾಲಿಸಿಸ್ ಸಮಯವೂ ಹೆಚ್ಚಿಲ್ಲ, ಆದರೂ ಕ್ರಿಯಾಟಿನಿನ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ ಅಂದರೆ ಅದು ಸ್ನಾಯು ಸವೆಯುತ್ತಿರುವ ಸುಳಿವು ಇರಬಹುದು. ಹಳೆಯ ವರದಿಗಳನ್ನೆಲ್ಲ ಒಟ್ಟಿಗೆ ಇಟ್ಟು ಒಮ್ಮೆ ನೋಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಮೈಯ ಕೊಬ್ಬು ತೋರಿಸುವ ತೂಕದ ಮೆಷಿನ್ ತರಿಸಿದೆ. ಡಯಾಲಿಸಿಸ್‌ಗೆ ಹೋಗುವ ಮುಂಚೆ ಹತ್ತಿ ನಿಂತರೆ ಕೊಬ್ಬು ಶೇ. 24. ಮನೆಗೆ ಬಂದು ನಿಂತರೆ ಶೇ. 27. ನಾಲ್ಕು ಗಂಟೆಯಲ್ಲಿ ಕೊಬ್ಬು ಜಾಸ್ತಿ ಆಗೋದು ಹೇಗೆ? ಮೆಷಿನ್ ಕೆಟ್ಟಿದೆಯಾ, ವಾಪಸ್ ಕೊಡ್ಲಾ?
– ಓದುಗರು, ಮೈಸೂರು

ಉತ್ತರ: ಮೆಷಿನ್ ಕೆಟ್ಟಿಲ್ಲ. ಅದು ಕೊಬ್ಬನ್ನು ಅಳೆಯುತ್ತಿಲ್ಲ, ಅಷ್ಟೇ.

ಅದು ಮಾಡುವುದು ಇಷ್ಟು. ಒಂದು ಪಾದದಿಂದ ಇನ್ನೊಂದು ಪಾದಕ್ಕೆ ನಮಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹರಿಸುತ್ತದೆ. ಉಪ್ಪು ನೀರಿರುವ ಕಡೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯಲು ಕಷ್ಟ. ಎಷ್ಟು ಅಡ್ಡಿ ಆಯಿತು ಅನ್ನುವುದರ ಮೇಲೆ ಮೈಯಲ್ಲಿ ಎಷ್ಟು ನೀರಿದೆ ಅಂತ ಮೆಷಿನ್ ಲೆಕ್ಕ ಹಾಕುತ್ತದೆ. ಆಮೇಲೆ, ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ನೀರು ಸುಮಾರು ಶೇ. 73 ಇರುತ್ತದೆ ಅಂತ ಇಟ್ಟುಕೊಂಡು, ಉಳಿದದ್ದೆಲ್ಲ ಕೊಬ್ಬು ಅಂತ ತೋರಿಸುತ್ತದೆ. ಆರೋಗ್ಯವಂತರಲ್ಲಿ ಆ ಶೇ. 73 ಬಹುಮಟ್ಟಿಗೆ ಸರಿ. ನಿಮ್ಮ ಮೈಯಲ್ಲಿ ಎರಡು ದಿನದ ನೀರು ನಿಂತಿರುವಾಗ ಆ ಲೆಕ್ಕ ನಿಲ್ಲುವುದಿಲ್ಲ. ನೀರು ಜಾಸ್ತಿ ಇದ್ದಾಗ ಅದನ್ನು ಸ್ನಾಯು ಅಂದುಕೊಂಡು ಕೊಬ್ಬು ಕಡಿಮೆ ತೋರಿಸಿತು. ಡಯಾಲಿಸಿಸ್‌ನಲ್ಲಿ ನೀರು ತೆಗೆದ ಮೇಲೆ ಸ್ನಾಯು ಕಡಿಮೆಯಾಯಿತು ಅಂದುಕೊಂಡು ಕೊಬ್ಬು ಜಾಸ್ತಿ ತೋರಿಸಿತು. ಕೊಬ್ಬು ಎರಡೂ ಹೊತ್ತು ಅಷ್ಟೇ ಇತ್ತು.

ಇದರಿಂದ ನೀವು ತಿಳಿದುಕೊಳ್ಳಬೇಕಾದದ್ದು ಒಂದಿದೆ. ಕಾಲು ಬಾತಿರುವವರಿಗೆ, ಉಸಿರು ಭಾರ ಇರುವವರಿಗೆ ಇಂಥ ಮೆಷಿನ್ ಕೊಬ್ಬನ್ನು ಕಡಿಮೆಯೇ ತೋರಿಸುತ್ತದೆ, ಸ್ನಾಯುವನ್ನು ಜಾಸ್ತಿ ತೋರಿಸುತ್ತದೆ. ಅಂದರೆ ಅಪಾಯ ಇರುವವರಿಗೇ ಸಮಾಧಾನ ಹೇಳುತ್ತದೆ. ನನಗೆ ಅದಕ್ಕೇ ಇದು ಇಷ್ಟವಿಲ್ಲ. ವಾಪಸ್ ಕೊಡಬೇಕು ಅಂತೇನಿಲ್ಲ, ತೂಕ ನೋಡಲು ಇಟ್ಟುಕೊಳ್ಳಿ. ಎರಡು ಡಯಾಲಿಸಿಸ್ ನಡುವೆ ಎಷ್ಟು ಏರಿತು ಅಂತ ದಿನಾ ನೋಡುವುದು ಒಳ್ಳೆಯ ಅಭ್ಯಾಸ. ಕೊಬ್ಬಿನ ಅಂಕಿಯನ್ನು ಮಾತ್ರ ನಂಬಬೇಡಿ.

ದೊಡ್ಡ ಆಸ್ಪತ್ರೆಗಳ ಕೆಲವು ಡಯಾಲಿಸಿಸ್ ವಿಭಾಗಗಳಲ್ಲಿ ಇದೇ ತತ್ವದ ಇನ್ನೂ ಒಳ್ಳೆಯ ಯಂತ್ರ ಇರುತ್ತದೆ. ಮಲಗಿಸಿ ಕೈಗೆ ಎರಡು, ಕಾಲಿಗೆ ಎರಡು ಪಟ್ಟಿ ಅಂಟಿಸುತ್ತಾರೆ. ಅದು ಒಂದಲ್ಲ, ಹಲವು ಕಂಪನಾಂಕಗಳ ವಿದ್ಯುತ್ ಹರಿಸಿ ಜೀವಕೋಶದ ಒಳಗಿನ ನೀರು, ಹೊರಗಿನ ನೀರು ಬೇರೆ ಬೇರೆ ಲೆಕ್ಕ ಹಾಕುತ್ತದೆ. ಹೆಚ್ಚಿನ ನೀರು ಎಷ್ಟು ಲೀಟರ್, ಸ್ನಾಯು ಎಷ್ಟು, ಕೊಬ್ಬು ಎಷ್ಟು ಅಂತ ಮೂರನ್ನೂ ಬಿಡಿಸಿ ಹೇಳುತ್ತದೆ. ಡ್ರೈ ವೇಟ್ ಗೊತ್ತುಮಾಡಲು ಡಾಕ್ಟರಿಗೆ ಇದು ದೊಡ್ಡ ಸಹಾಯ. ಸಿಕ್ಕರೆ ಮಾಡಿಸಿ, ಪ್ರತಿ ಸಲವೂ ಅದೇ ಯಂತ್ರದಲ್ಲಿ, ಡಯಾಲಿಸಿಸ್‌ಗೆ ಮುಂಚೆಯೋ ನಂತರವೋ ಅನ್ನುವುದೂ ಪ್ರತಿ ಸಲ ಒಂದೇ ಇರಲಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಮೊದಲೇ ಹೇಳಬೇಕು, ಅವರಿಗೆ ಇದು ಬೇಡ. ಮನೆಯ ಮೆಷಿನ್‌ಗೂ ಇದೇ ಮಾತು.

ಡೆಕ್ಸಾ ಸ್ಕ್ಯಾನ್ (ಒಂದು ಬಗೆಯ ಎಕ್ಸ್‌ರೇ ಪರೀಕ್ಷೆ) ಬಗ್ಗೆಯೂ ಇಬ್ಬರು ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಅದನ್ನು ಹೆಚ್ಚಾಗಿ ಮೂಳೆ ಸವೆತ ನೋಡಲು ಬೆನ್ನು, ಸೊಂಟಕ್ಕೆ ಮಾತ್ರ ಮಾಡುತ್ತಾರೆ. ಕೊಬ್ಬು ತಿಳಿಯಬೇಕಾದರೆ ಇಡೀ ಮೈಯ ಸ್ಕ್ಯಾನ್ ಬೇಕು ಅಂತ ಕೇಳಬೇಕು. ಕೊಬ್ಬಿನ ಮಟ್ಟಿಗೆ ಅದರ ಲೆಕ್ಕ ಚೆನ್ನಾಗಿಯೇ ಇರುತ್ತದೆ, ಆದರೆ ನೀರನ್ನೂ ಸ್ನಾಯುವಿನ ಖಾತೆಗೇ ಹಾಕುತ್ತದೆ. ಡಯಾಲಿಸಿಸ್ ನಂತರ ಮಾಡಿಸಿದರೆ ಮಾತ್ರ ಅರ್ಥ ಇದೆ. ಗಂಡಸರಲ್ಲಿ ಶೇ. 25, ಹೆಂಗಸರಲ್ಲಿ ಶೇ. 35 ದಾಟಿದರೆ ಕೊಬ್ಬು ಜಾಸ್ತಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ನಮ್ಮಲ್ಲಿ ತೂಕದ ಮೆಷಿನ್ ಬಿಟ್ಟರೆ ಬೇರೆ ಏನೂ ಇಲ್ಲ. ನೆಫ್ರಾಲಜಿಸ್ಟ್ ತಿಂಗಳಿಗೆ ಕೆಲವು ಸಲ ಬಂದು ಹೋಗುತ್ತಾರೆ. ರೋಗಿಗಳ ಕೊಬ್ಬು, ಸ್ನಾಯು ಅಂತೆಲ್ಲ ನೋಡಲು ನಮ್ಮಂಥವರ ಕೈಯಲ್ಲಿ ಏನಾದರೂ ಆಗುತ್ತದಾ?
– ಟೆಕ್ನಿಷಿಯನ್, ಚಿತ್ರದುರ್ಗ ಜಿಲ್ಲೆ

ಉತ್ತರ: ತುಂಬಾ ಆಗುತ್ತದೆ ಅಪ್ಪಾ. ನಿಮ್ಮ ಪತ್ರ ಓದಿ ನಿಜವಾಗಿ ಸಂತೋಷವಾಯಿತು. ವಾರಕ್ಕೆ ಎರಡು ಮೂರು ಸಲ ಅದೇ ರೋಗಿಯನ್ನು ನೋಡುವುದು ನೀವೇ, ಯಾವ ದೊಡ್ಡ ಡಾಕ್ಟರಿಗೂ ಅಷ್ಟು ಅವಕಾಶ ಇಲ್ಲ. ಒಂದು ದರ್ಜಿಯ ಟೇಪು, ಒಂದು ನೋಟ್‌ಬುಕ್ ಸಾಕು.

ಟೇಪು ಹಿಡಿಯುವ ಮುಂಚೆ ತೂಕವನ್ನೇ ಸರಿ ಮಾಡಿಕೊಳ್ಳಿ. ಚಪ್ಪಲಿ, ಸ್ವೆಟರ್, ಜೇಬಿನ ಮೊಬೈಲು, ಡಯಾಲಿಸಿಸ್ ನಡುವೆ ತಿಂದ ಇಡ್ಲಿ, ಕುಡಿದ ಕಾಫಿ, ಎಲ್ಲವೂ ತಕ್ಕಡಿಗೆ ಸೇರುತ್ತವೆ. ಎತ್ತರವನ್ನು ಈಗ ಹೊಸದಾಗಿ ಅಳೆಯಿರಿ. ಎಷ್ಟೋ ಫೈಲುಗಳಲ್ಲಿ ರೋಗಿ ಬಾಯಲ್ಲಿ ಹೇಳಿದ ಎತ್ತರವೇ ಇರುತ್ತದೆ. ಮೂಳೆ ಸವೆದು ಬೆನ್ನು ಬಾಗಿದವರ ಎತ್ತರ ಕಡಿಮೆಯಾಗಿರುತ್ತದೆ, ಅದು ಬಿಎಂಐಯನ್ನು ಸುಮ್ನೆ ಏರಿಸುತ್ತದೆ.

ಸೊಂಟದ ಸುತ್ತಳತೆ ಡಯಾಲಿಸಿಸ್ ಮುಗಿದ ಮೇಲೆ ತೆಗೆಯಿರಿ. ರೋಗಿ ಎದ್ದ ತಕ್ಷಣ ಬೇಡ, ಬಿಪಿ ಇಳಿದು ಬಿದ್ದಾರು. ಸ್ವಲ್ಪ ಕೂರಿಸಿ, ಆಮೇಲೆ ನಿಲ್ಲಿಸಿ. ಕೊನೆಯ ಪಕ್ಕೆಲುಬಿನ ಕೆಳಗಂಚು ಮತ್ತು ಸೊಂಟದ ಮೂಳೆಯ ಮೇಲಂಚು ಎರಡನ್ನೂ ಬೆರಳಿನಲ್ಲಿ ಮುಟ್ಟಿ ನೋಡಿ, ನಡುವಿನ ಮಟ್ಟದಲ್ಲಿ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಓದಿ. ಪ್ಯಾಂಟಿನ ಬೆಲ್ಟು ಕಟ್ಟುವ ಜಾಗ ಇದಲ್ಲ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆ ಕೊಬ್ಬು ಜಾಸ್ತಿ ಅಂತ ಲೆಕ್ಕ. ಈ ಗೆರೆ ಡಯಾಲಿಸಿಸ್ ರೋಗಿಗಳಿಗಾಗಿಯೇ ಎಳೆದದ್ದಲ್ಲ, ಆದರೂ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯ, ಅದೇ ರೋಗಿಯ ಸೊಂಟ ಆರು ತಿಂಗಳ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಅನ್ನುವುದು.

ತೋಳಿನ ಸುತ್ತಳತೆಯನ್ನು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಮಾಡಿದ ರಕ್ತನಾಳದ ಜೋಡಣೆ) ಇಲ್ಲದ ಕೈಯಲ್ಲಿ ಮಾತ್ರ ತೆಗೆಯಬೇಕು. ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿವರೆಗೆ ಅಳೆದು ಅರ್ಧಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಅಲ್ಲೇ ಸುತ್ತಿ. ಚರ್ಮ ಹಿಡಿದು ಅಳೆಯುವ ಕ್ಯಾಲಿಪರ್ ಒಂದನ್ನು ಆಸ್ಪತ್ರೆಯಿಂದ ತರಿಸಿಕೊಳ್ಳಲು ಆದರೆ ಇನ್ನೂ ಒಳ್ಳೆಯದು. ತೋಳಿನ ಹಿಂಭಾಗದ ಚರ್ಮದ ಮಡಿಕೆ ಎಷ್ಟು ದಪ್ಪ ಇದೆ ನೋಡಿ, ಅದನ್ನು 3.14ರಿಂದ ಗುಣಿಸಿ, ತೋಳಿನ ಸುತ್ತಳತೆಯಿಂದ ಕಳೆಯಿರಿ. ತೋಳು 27 ಸೆಂ.ಮೀ., ಮಡಿಕೆ 1.5 ಸೆಂ.ಮೀ. ಅಂದರೆ ಉಳಿಯುವುದು ಸುಮಾರು 22.3. ಇದು ಸ್ನಾಯುವಿನ ಸುತ್ತಳತೆ. ಮಡಿಕೆ ಕೊಬ್ಬಿನದು. ಎರಡನ್ನೂ ತಿಂಗಳಿಗೊಮ್ಮೆ ಬರೆಯುತ್ತಾ ಹೋದರೆ, ತಕ್ಕಡಿ ಸುಮ್ಮನಿದ್ದರೂ ಯಾವುದು ಏರುತ್ತಿದೆ ಯಾವುದು ಇಳಿಯುತ್ತಿದೆ ಅಂತ ನಿಮಗೆ ಕಾಣುತ್ತದೆ. ಬೇರೆ ಬೇರೆಯವರು ಅಳೆದರೆ ಅಂಕಿ ಹೊಯ್ದಾಡುತ್ತದೆ, ಹಾಗಾಗಿ ಒಬ್ಬರೇ ಅಳೆಯಿರಿ.

ಸ್ನಾಯು ಇದ್ದರೆ ಸಾಲದು, ಅದಕ್ಕೆ ಶಕ್ತಿ ಇರಬೇಕು. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕುಗ್ಗಿದೆ ಅಂತ ಏಷ್ಯಾದ ತಜ್ಞರು 2019ರಲ್ಲಿ ಗೊತ್ತುಮಾಡಿದ್ದಾರೆ. ಇದನ್ನು ಡಯಾಲಿಸಿಸ್‌ಗೆ ಮುಂಚೆಯೇ ಮಾಡಿಸಿ, ಆದ ಮೇಲೆ ಬೇಡ. ಪಕ್ಕದಲ್ಲಿ ನೀವು ನಿಂತಿರಿ.

ನೆಫ್ರಾಲಜಿಸ್ಟ್ ಬಂದಾಗ ಆ ನೋಟ್‌ಬುಕ್ ಅವರ ಮುಂದೆ ಇಡಿ. ತೋಳು 2 ಸೆಂ.ಮೀ. ಇಳಿದಿದೆ, ಸೊಂಟ 3 ಸೆಂ.ಮೀ. ಏರಿದೆ, ಡ್ರೈ ವೇಟ್ ಒಂದು ವರ್ಷದಿಂದ ಬದಲಾಗಿಲ್ಲ ಅಂತ ನೀವು ತೋರಿಸಿದರೆ ಅದನ್ನು ಯಾವ ಡಾಕ್ಟರೂ ತಳ್ಳಿಹಾಕುವುದಿಲ್ಲ.

ಪ್ರಶ್ನೆ: ನನಗೆ 41 ವರ್ಷ, ಎತ್ತರ 172, ಡ್ರೈ ವೇಟ್ 104 ಕೆ.ಜಿ. ಡಯಾಲಿಸಿಸ್‌ನಲ್ಲಿ ದಪ್ಪ ಇರುವವರೇ ಜಾಸ್ತಿ ದಿನ ಬದುಕುತ್ತಾರಂತೆ, ಇಳಿಸಬೇಡಿ ಅಂತ ಒಬ್ಬರು ಡಾಕ್ಟರು ಹೇಳಿದರು. ಕಿಡ್ನಿ ಕಸಿ ಮಾಡುವ ಆಸ್ಪತ್ರೆಯವರು ಇಳಿಸಿಕೊಂಡು ಬನ್ನಿ ಅಂತಾರೆ. ಅಮ್ಮ ಕಿಡ್ನಿ ಕೊಡಲು ತಯಾರಿದ್ದಾರೆ. ಯಾರ ಮಾತು ಕೇಳಲಿ? ತೂಕ ಇಳಿಸುವ ಇಂಜೆಕ್ಷನ್ ತಗೋಬಹುದಾ?
– ಓದುಗರು, ಬೆಂಗಳೂರು

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಅವರು ಮಾತಾಡುತ್ತಿರುವುದು ಬೇರೆ ಬೇರೆ ವಿಷಯ.

ಡಯಾಲಿಸಿಸ್‌ನಲ್ಲಿರುವ ಸಾವಿರಾರು ಜನರ ದಾಖಲೆ ತೆಗೆದು ನೋಡಿದಾಗ ಬಿಎಂಐ ಜಾಸ್ತಿ ಇದ್ದವರ ಸಾವು ಕಡಿಮೆ ಇತ್ತು. ಅಮೆರಿಕದ ಡಾ. ಕಲಂತರ್ ಝಾದೆ ಮತ್ತು ಜೊತೆಗಾರರು 2000ದ ನಂತರದ ವರ್ಷಗಳಲ್ಲಿ ಇದರ ಬಗ್ಗೆ ತುಂಬಾ ಬರೆದರು. ಬೇರೆ ದೇಶಗಳ ಲೆಕ್ಕದಲ್ಲೂ ಇದು ಮತ್ತೆ ಮತ್ತೆ ಕಂಡಿದೆ. ಆದರೆ ಬಿಎಂಐ ಜಾಸ್ತಿ ಇರುವವರಲ್ಲಿ ಗಟ್ಟಿ ಸ್ನಾಯು ಇರುವವರೂ ಸೇರಿರುತ್ತಾರೆ, ಅಲ್ವಾ? ಕಡಿಮೆ ಇರುವವರಲ್ಲಿ ಬೇರೆ ಕಾಯಿಲೆಯಿಂದ ಆಗಲೇ ಸೊರಗಿದವರು ಸೇರಿರುತ್ತಾರೆ. ಅವರು ಬೇಗ ತೀರಿಕೊಂಡದ್ದು ಸಣ್ಣಗಿದ್ದದ್ದಕ್ಕೆ ಅಲ್ಲ, ಸಣ್ಣಗೆ ಮಾಡಿದ ಕಾಯಿಲೆಗೆ. ಸೋಂಕು ತಗುಲಿ ವಾರಗಟ್ಟಲೆ ಊಟ ಸೇರದೆ ಹೋದಾಗ ಮೈಯಲ್ಲಿ ಕೂಡಿಟ್ಟದ್ದು ಕಾಪಾಡುತ್ತದೆ ಅನ್ನುವುದೂ ನಿಜವೇ ಇರಬಹುದು. ಆದರೆ ಹೊಟ್ಟೆಯ ಕೊಬ್ಬನ್ನು ಬೇರೆಯಾಗಿ ಅಳೆದಾಗ ಲೆಕ್ಕ ತಿರುಗುತ್ತದೆ. ಇಟಲಿಯ ವೈದ್ಯರು 537 ರೋಗಿಗಳನ್ನು ಗಮನಿಸಿ 2009ರಲ್ಲಿ ಬರೆದ ವರದಿಯಲ್ಲಿ ಸೊಂಟದ ಸುತ್ತಳತೆ ಹೆಚ್ಚಿದಂತೆ ಸಾವೂ ಹೆಚ್ಚಿತ್ತು, ಬಿಎಂಐ ಹೆಚ್ಚಿದವರಲ್ಲಿ ಹಾಗಿರಲಿಲ್ಲ. ಹಾಗಾಗಿ "ದಪ್ಪ ಇದ್ದರೆ ಒಳ್ಳೆಯದು" ಅನ್ನುವ ಮಾತನ್ನು ಹೊಟ್ಟೆಗೆ ಅನ್ವಯಿಸಬೇಡಿ.

ಕಸಿ ಮಾಡುವವರ ಚಿಂತೆಯೂ ಹೊಟ್ಟೆಯದೇ. ಹೊಸ ಕಿಡ್ನಿ ಕೂರಿಸುವುದು ಹೊಟ್ಟೆಯ ಕೆಳಭಾಗದಲ್ಲಿ. ಅಲ್ಲಿ ಕೊಬ್ಬು ಜಾಸ್ತಿ ಇದ್ದರೆ ಗಾಯ ಸೋಂಕಾಗುವುದು, ಹೊಲಿಗೆ ಬಿಡುವುದು, ಹರ್ನಿಯಾ, ಹೊಸ ಕಿಡ್ನಿ ಕೆಲಸ ಶುರು ಮಾಡಲು ತಡ, ಇವೆಲ್ಲ ಹೆಚ್ಚು. ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಕಸಿಯ ನಂತರ ಕೊಡುವ ಸ್ಟೀರಾಯ್ಡ್ ಮತ್ತು ಟ್ಯಾಕ್ರೋಲಿಮಸ್‌ನಿಂದ ಸಕ್ಕರೆ ಕಾಯಿಲೆ ಬರುವ ಭಯವೂ ಇದೆ. ನಿಮ್ಮ ಬಿಎಂಐ 35. ಬೊಜ್ಜು ಇದೆ ಅನ್ನುವ ಒಂದೇ ಕಾರಣಕ್ಕೆ ಕಸಿ ನಿರಾಕರಿಸುವುದು ಬೇಡ ಅಂತ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ 2020ರಲ್ಲಿ ಹೇಳಿದೆ. ಹಾಗಾಗಿ "ಇಷ್ಟು ಕೆ.ಜಿ. ಇಳಿದರೆ ಮಾತ್ರ" ಅಂತ ಅಂದರೆ, ಸರ್ಜನ್ ನಿಮ್ಮ ಹೊಟ್ಟೆಯನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ ಹೇಳಿದ್ದಾ ಅಥವಾ ಅಂಕಿ ನೋಡಿ ಹೇಳಿದ್ದಾ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ನನ್ನ ಅಭಿಪ್ರಾಯ ಕೇಳಿದರೆ, ನಿಮಗೆ ಅಮ್ಮನ ಕಿಡ್ನಿ ಸಿಗುವ ಭಾಗ್ಯ ಇದೆ, ವಯಸ್ಸೂ ಚಿಕ್ಕದು, ಇಳಿಸುವುದೇ ಸರಿ. ಆದರೆ ಇಳಿಯಬೇಕಾದ್ದು ಕೊಬ್ಬು. ಶುರು ಮಾಡುವ ಮುಂಚೆ ಸೊಂಟ, ತೋಳು ಅಳೆಸಿಕೊಳ್ಳಿ, ಸಾಧ್ಯವಾದರೆ ಒಂದು ಸಲ ಕೊಬ್ಬು, ಸ್ನಾಯುವಿನ ಪರೀಕ್ಷೆಯೂ ಆಗಲಿ. ಪ್ರೋಟೀನ್ ಕಡಿಮೆ ಮಾಡಬೇಡಿ. ಉಪವಾಸ ಬೇಡವೇ ಬೇಡ. ಡಯಾಲಿಸಿಸ್ ಇಲ್ಲದ ದಿನ ನಡೆಯಿರಿ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಿ. ತೂಕ ಇಳಿಯುವಾಗ ಡ್ರೈ ವೇಟ್ ಕೂಡ ಜೊತೆಜೊತೆಗೆ ಇಳಿಸಬೇಕು, ಇದನ್ನು ಮರೆತರೆ ಇಳಿದ ಕೊಬ್ಬಿನ ಜಾಗಕ್ಕೆ ನೀರು ಬಂದು ನಿಲ್ಲುತ್ತದೆ, ತಕ್ಕಡಿ ಮೊದಲಿನ ಅಂಕಿಯನ್ನೇ ತೋರಿಸುತ್ತದೆ, ನಿಮಗೆ ಮಾತ್ರ ಉಸಿರು ಕಟ್ಟುತ್ತದೆ.

ಇಂಜೆಕ್ಷನ್ ವಿಷಯ. ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಬಗ್ಗೆ 2024ರಲ್ಲಿ ಬಂದ ಫ್ಲೋ ಅನ್ನುವ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎರಡೂ ಇರುವ 3,533 ಜನ ಇದ್ದರು, ಕಿಡ್ನಿ ಪೂರ್ತಿ ಸೋಲುವುದು, ಹೃದಯದ ಸಾವು ಇವೆಲ್ಲ ಸೇರಿ ಅಪಾಯ ಶೇ. 24ರಷ್ಟು ಕಡಿಮೆಯಾಯಿತು. ಆದರೆ ಅದರಲ್ಲಿ ಡಯಾಲಿಸಿಸ್ ರೋಗಿಗಳನ್ನು ಸೇರಿಸಿರಲಿಲ್ಲ. ಈ ಔಷಧ ಹಸಿವು ಕಡಿಮೆ ಮಾಡಿ ಕೆಲಸ ಮಾಡುತ್ತದೆ, ವಾಕರಿಕೆ ತರುತ್ತದೆ, ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಕಸಿ ಮಾಡುವ ತಂಡವೇ ಕೊಟ್ಟು, ಅವರೇ ನೋಡಿಕೊಳ್ಳುವುದಾದರೆ ಸರಿ. ಅಂಗಡಿಯಿಂದ ನೀವೇ ತಂದು ಚುಚ್ಚಿಕೊಳ್ಳಬೇಡಿ.

ಪ್ರಶ್ನೆ: ನನ್ನ ಹೆಂಡತಿಗೆ ಮನೆಯಲ್ಲೇ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುತ್ತೇವೆ. ಒಂದು ವರ್ಷದಲ್ಲಿ 6 ಕೆ.ಜಿ. ಏರಿದ್ದಾಳೆ. ಊಟ ಏನೂ ಜಾಸ್ತಿ ಇಲ್ಲ. ಹೊಟ್ಟೆ ಮಾತ್ರ ದೊಡ್ಡದಾಗಿದೆ. ಇದು ಕೊಬ್ಬಾ, ನೀರಾ?
– ಓದುಗರು, ಶಿರಸಿ

ಉತ್ತರ: ಮೊದಲು ತೂಗುವಾಗ, ಸೊಂಟ ಅಳೆಯುವಾಗ ಡಯಾಲಿಸಿಸ್‌ಗೆ ಅಂತ ಹೊಟ್ಟೆಯೊಳಗೆ ತುಂಬಿದ ದ್ರವ ಹೊರಗೆ ಬಿಟ್ಟಿದ್ದಿರಾ ನೋಡಿ. ಒಳಗೆ 2 ಲೀಟರ್ ಇದ್ದರೆ ತಕ್ಕಡಿಯಲ್ಲಿ 2 ಕೆ.ಜಿ. ಜಾಸ್ತಿ ಬರುತ್ತದೆ, ಹೊಟ್ಟೆಯೂ ಉಬ್ಬಿರುತ್ತದೆ. ಖಾಲಿ ಮಾಡಿದ ಮೇಲಿನ ಅಂಕಿಯನ್ನೇ ಬರೆಯಿರಿ.

ಅದರ ನಂತರವೂ ಜಾಸ್ತಿ ಇದ್ದರೆ ಕೊಬ್ಬು ಇರುವ ಸಾಧ್ಯತೆ ತುಂಬಾ ಇದೆ, ಕಾರಣ ನಿಮ್ಮ ಕೈಯಲ್ಲಿರುವ ಆ ಡಯಾಲಿಸಿಸ್ ದ್ರವದ ಚೀಲವೇ. ಅದರಲ್ಲಿರುವುದು ಸಕ್ಕರೆ ನೀರು. ಆ ಗ್ಲೂಕೋಸ್ ದಿನಕ್ಕೆ 100ರಿಂದ 200 ಗ್ರಾಂವರೆಗೂ ಮೈಗೆ ಸೇರುತ್ತದೆ, ಬಾಯಿಗೆ ಒಂದು ತುತ್ತು ಹಾಕದಿದ್ದರೂ ಸುಮಾರು 400 ಕ್ಯಾಲೊರಿ ಅಥವಾ ಅದಕ್ಕಿಂತ ಜಾಸ್ತಿ. ಹೊಟ್ಟೆ ತುಂಬಿದ ಹಾಗಿರುವುದರಿಂದ ಅವರು ಊಟ ಕಡಿಮೆಯೇ ಮಾಡುತ್ತಿರಬಹುದು, ಅದರ ಜೊತೆಗೆ ಪ್ರೋಟೀನ್ ದಿನಾ ಹೊರಗೆ ಬಿಡುವ ದ್ರವದಲ್ಲಿ ಸೋರಿ ಹೋಗುತ್ತಿರುತ್ತದೆ. ಕೊಬ್ಬು ಏರುತ್ತದೆ, ಸ್ನಾಯು ಇಳಿಯುತ್ತದೆ. ಅವರ ಊಟಕ್ಕೆ ದೂರು ಹೇಳಬೇಡಿ ದಯವಿಟ್ಟು.

1.5, 2.5, 4.25 ಅಂತ ಚೀಲದ ಮೇಲೆ ಬರೆದಿರುತ್ತದೆ. ಅಂಕಿ ಏರಿದಂತೆ ಸಕ್ಕರೆ ಜಾಸ್ತಿ, ಮೈಯಿಂದ ಎಳೆಯುವ ನೀರೂ ಜಾಸ್ತಿ. ಉಪ್ಪು ಕಡಿಮೆ ತಿಂದರೆ ಬಾಯಾರಿಕೆ ಕಡಿಮೆ, ಮೈಯಲ್ಲಿ ನಿಲ್ಲುವ ನೀರು ಕಡಿಮೆ, ಆಗ ಸಕ್ಕರೆ ಜಾಸ್ತಿ ಇರುವ ಚೀಲ ಹಾಕುವ ಅಗತ್ಯವೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಪಕ್ಕಕ್ಕಿಡಿ. ಗ್ಲೂಕೋಸ್ ಬದಲು ಐಕೋಡೆಕ್ಸ್‌ಟ್ರಿನ್ ಅನ್ನುವುದು ಇರುವ ಚೀಲವೂ ಇದೆ, ದುಬಾರಿ, ನಿಮ್ಮ ಡಾಕ್ಟರನ್ನು ಕೇಳಿ. ಹೊಟ್ಟೆ ಒಂದೇ ಕಡೆ ಉಬ್ಬಿದ್ದರೆ ಹರ್ನಿಯಾ ಇರಬಹುದು, ತೋರಿಸಿ. ಅವರ ಕಿಡ್ನಿ ಹೋದದ್ದು ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ವಂಶಪಾರಂಪರ್ಯ ಕಾಯಿಲೆಯಿಂದ ಆಗಿದ್ದರೆ ಆ ಕಿಡ್ನಿಗಳೇ ದೊಡ್ಡದಾಗಿ ಹೊಟ್ಟೆ ಮುಂದೆ ತರುತ್ತವೆ, ಅವರಿಗೆ ಸೊಂಟದ ಟೇಪಿನಿಂದ ಏನೂ ಹೇಳಲು ಬರುವುದಿಲ್ಲ. ಅಂಥವರಿಗೆ ತೋಳಿನ ಅಳತೆಯೇ ನಂಬಿಕೆಗೆ ಯೋಗ್ಯ.

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ನಮ್ಮ ಮಾವನವರ ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ. ಡಯಾಲಿಸಿಸ್ ಕೂಡ ಇದೆ. ಎತ್ತರ 170, ಈಗ ತೂಕ 58. ಅವರ ಬಿಎಂಐ ಹೇಗೆ ನೋಡಬೇಕು?
– ಸೊಸೆ, ರಾಯಚೂರು

ಉತ್ತರ: ಮಂಡಿಯ ಕೆಳಗಿನ ಕಾಲು ಪಾದ ಸೇರಿ ಇಡೀ ಮೈತೂಕದ ಸುಮಾರು ಶೇ. 6. ಹಾಗಾಗಿ 58ನ್ನು 0.94ರಿಂದ ಭಾಗಿಸಿ, 61.7 ಬರುತ್ತದೆ. ಅದಕ್ಕೆ ಲೆಕ್ಕ ಹಾಕಿದರೆ ಬಿಎಂಐ ಸುಮಾರು 21.3. ಹಾಗೇ ಹಾಕಿದ್ದರೆ 20 ಬರುತ್ತಿತ್ತು. ತೂಗುವಾಗ ಕೃತಕ ಕಾಲು ತೆಗೆದು ಕೂರಿಸಿ ತೂಗಿ, ಅದರ ತೂಕವನ್ನೂ ಒಮ್ಮೆ ಬೇರೆಯಾಗಿ ನೋಡಿ ಬರೆದಿಡಿ. ಇದು ತಪ್ಪಿದರೆ ಡಯಾಲಿಸಿಸ್‌ನಲ್ಲಿ ತೆಗೆಯುವ ನೀರಿನ ಲೆಕ್ಕವೇ ತಪ್ಪುತ್ತದೆ. ಕಾಲು ತೆಗೆದ ನಂತರ ಹಳೆಯ ಡ್ರೈ ವೇಟ್ ಬದಲಾಯಿಸಿದ್ದಾರಾ ಅಂತ ಮುಂದಿನ ಸಲ ಹೋದಾಗ ಮೊದಲು ಅದನ್ನೇ ಕೇಳಿ.